ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್: ಕುದಿಸಿದರೆ ಸಾಕಾ?

ಪ್ರಶ್ನೆ: ಸರ್, ನಮ್ಮದು ಕೋಲಾರದ ಕಡೆ ಟೊಮೆಟೊ ತೋಟ. ಬೋರ್‌ವೆಲ್ ನೀರು ಟೆಸ್ಟ್ ಮಾಡಿಸಿದೆವು. ನೈಟ್ರೇಟ್ ಲೀಟರಿಗೆ 90 ಮಿಲಿಗ್ರಾಂ ಅಂತ ಬಂದಿದೆ. ಮೂರು ತಿಂಗಳ ಮಗುವಿಗೆ ಇದೇ ನೀರು ಕುದಿಸಿ ಡಬ್ಬಿ ಹಾಲು ಕಲಸುತ್ತೇವೆ. ತೊಂದರೆ ಇಲ್ಲ ಅಲ್ವಾ?

ಉತ್ತರ (ಮಣ್ಣು ವಿಜ್ಞಾನಿ): ತೊಂದರೆ ಇದೆ. ಇವತ್ತೇ ನಿಲ್ಲಿಸಿ. ನೈಟ್ರೇಟ್ ಅಂದರೆ ನೀರಿನಲ್ಲಿ ಕರಗುವ, ಸಾರಜನಕ ಇರುವ ಲವಣ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮದು ಅದರ ಎರಡರಷ್ಟು.

ನೈಟ್ರೇಟ್ ದೇಹದೊಳಗೆ ನೈಟ್ರೈಟ್ ಆಗುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ ಅನ್ನು ಕೆಡಿಸುತ್ತದೆ, ಆಗ ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರುವುದಿಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಇದರ ಅಪಾಯ ಹೆಚ್ಚು. ತುಟಿ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಈಗ ಏನೂ ಕಾಣದಿದ್ದರೂ ಮಕ್ಕಳ ಡಾಕ್ಟರಿಗೆ ಈ ರಿಪೋರ್ಟ್ ತೋರಿಸಿ.

ಪ್ರಶ್ನೆ: ಮನೆಯಲ್ಲಿ ಕ್ಯಾಂಡಲ್ ಫಿಲ್ಟರ್ ಇದೆ. ಅದು ಆಗುತ್ತಾ?

ಉತ್ತರ: ಇಲ್ಲ. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಕ್ಯಾಂಡಲ್‌ಗೆ ಸಿಗುವುದಿಲ್ಲ. ಆರ್‌ಒ ತೆಗೆಯುತ್ತದೆ. ಆದರೆ ಅದರಿಂದ ಬಂದ ನೀರನ್ನೂ ಒಮ್ಮೆ ಟೆಸ್ಟ್ ಮಾಡಿಸಿಯೇ ಮಗುವಿಗೆ ಕೊಡಿ.

ಪ್ರಶ್ನೆ: ಈ ನೈಟ್ರೇಟ್ ಯೂರಿಯಾ ಗೊಬ್ಬರದಿಂದ ಬರುತ್ತದೆ ಅಂತಾರೆ. ಆದರೆ ಯೂರಿಯಾ ಹಾಕುವುದು ಗಿಡದ ಬುಡಕ್ಕೆ. ಅಷ್ಟು ಆಳದ ಬೋರಿಗೆ ಹೇಗೆ ಇಳಿಯಿತು ಸರ್?

ಉತ್ತರ: ಗಿಡ ಬೆಳೆಯಲು ಸಾರಜನಕ ಬೇಕು. ಗಾಳಿಯಲ್ಲಿ ಶೇ 78 ಸಾರಜನಕವೇ. ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಅವರೆ, ಅಲಸಂದೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹಿಡಿದು ಕೊಡುತ್ತವೆ. ಗೊಬ್ಬರದ ಕಾರ್ಖಾನೆ ಮಾಡುವುದೂ ಆ ಕೆಲಸವನ್ನೇ. ಯೂರಿಯಾದಲ್ಲಿ ಶೇ 46 ಸಾರಜನಕ. ಮಣ್ಣಿನ ಜೀವಿಗಳು ಅದನ್ನು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ, ನೈಟ್ರೇಟ್ ಅಂಟುವುದಿಲ್ಲ. ಗಿಡ ಕುಡಿಯದೆ ಬಿಟ್ಟದ್ದು ಮಳೆ ನೀರಿನ ಜೊತೆ ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಬೋರಿನ ಹತ್ತಿರ ತಿಪ್ಪೆ, ಪಾಯಿಖಾನೆ ಗುಂಡಿ ಇದೆಯಾ ನೋಡಿ. ಅಲ್ಲಿಂದಲೂ ಸಾಕಷ್ಟು ಬರುತ್ತದೆ.

ಪ್ರಶ್ನೆ: ಹಾಗಾದರೆ ಯೂರಿಯಾ ಬಿಟ್ಟುಬಿಡಬೇಕಾ?

ಉತ್ತರ: ಹಾಗೆ ಹೇಳಲಾರೆ. ಈ ಗೊಬ್ಬರ ಇಲ್ಲದಿದ್ದರೆ ಇಷ್ಟು ಜನರಿಗೆ ಅನ್ನ ಹುಟ್ಟುತ್ತಿರಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಕಂತುಕಂತಾಗಿ ಕೊಡಿ. ಇನ್ನೊಂದು ಲೆಕ್ಕ ನೋಡಿ: ನಿಮ್ಮ ನೀರಿನ 90 ಮಿಲಿಗ್ರಾಂ ನೈಟ್ರೇಟ್‌ನಲ್ಲಿ ಸುಮಾರು 20 ಮಿಲಿಗ್ರಾಂ ಸಾರಜನಕ ಇದೆ. ಒಂದು ಲಕ್ಷ ಲೀಟರ್ ಹಾಯಿಸಿದರೆ ಎರಡು ಕಿಲೋ ಸಾರಜನಕ, ಅಂದರೆ ನಾಲ್ಕು ಕಿಲೋಗೂ ಜಾಸ್ತಿ ಯೂರಿಯಾ ಹಾಕಿದ ಹಾಗೆ. ಅಷ್ಟನ್ನು ಗೊಬ್ಬರದಲ್ಲಿ ಕಳೆಯಿರಿ.