ಸಹಾಯ ಬೇಕು: ಉರಿ ಮೇಲೆ ಒಡೆಯದ ಬೀಕರ್ ಕಲ್ಲಿನ ಮೇಲೆ ಯಾಕೆ ಒಡೆಯುತ್ತಿದೆ?

ಮಡಿಕೇರಿ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಮಳೆಗಾಲದಲ್ಲಿ 250 ಮಿ.ಲೀ.ನ ಮೂರು ಬೀಕರ್ ಹೋದವು. ಬರ್ನರ್ ಮೇಲೆ ಏನೂ ಆಗುವುದಿಲ್ಲ. ಇಳಿಸಿ ಕಲ್ಲಿನ ಕಟ್ಟೆ ಮೇಲೆ ಇಟ್ಟರೆ 'ಟಪ್' ಅಂತ ತಳದ ಸುತ್ತ ಬಿರುಕು. ಇಲ್ಲಿನ ಥಂಡಿ ಗೊತ್ತಲ್ವಾ, ಕಟ್ಟೆ ಸದಾ ಒದ್ದೆ.

ಅಗ್ಗದ ಸೋಡಾ ಗಾಜು (ಬಾಟಲಿ, ಕಿಟಕಿಗಳ ಮಾಮೂಲಿ ಗಾಜು) ಇರಬೇಕು ಅಂದುಕೊಂಡೆ. ಒಂದು ಚೂರನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಮುಳುಗಿಸಿ ನೋಡಿದೆ. ಅಂಚೂ ಕಾಣದಂತೆ ಮಾಯ! ಬೊರೊಸಿಲಿಕೇಟ್ (ಬಿಸಿ ತಾಳುವ ಲ್ಯಾಬ್ ಗಾಜು) ಮತ್ತು ಈ ಎಣ್ಣೆ ಎರಡರ ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.47, ಹಾಗಾದರೆ ಇದು ಬೊರೊಸಿಲಿಕೇಟೇ ಅಲ್ವಾ? ಅದು ಬಿಸಿಯಾದಾಗ ಸೋಡಾ ಗಾಜಿಗಿಂತ ತುಂಬಾ ಕಡಿಮೆ ಹಿಗ್ಗುತ್ತದೆ, ಅಷ್ಟು ಸುಲಭವಾಗಿ ಬಿರುಕು ಬಿಡಬಾರದು. ಉರಿ ಸಣ್ಣ ಮಾಡಿದ್ದೂ ಆಯ್ತು, ಪ್ರಯೋಜನವಿಲ್ಲ. ಒಳಗಡೆ ತಳದಲ್ಲಿ ಬ್ರಷ್ಷಿನ ತಂತಿ ಗೀರಿದ ಗುರುತುಗಳಿವೆ.

ತಪ್ಪು ಒದ್ದೆ ಕಲ್ಲಿನದೋ, ಗೀರುಗಳದೋ? ಗೀರು ಬಿದ್ದಿರುವ ಉಳಿದ ನಾಲ್ಕು ಬೀಕರ್‌ಗಳನ್ನು ಇನ್ನೂ ಬಿಸಿ ಮಾಡಲು ಬಳಸಬಹುದಾ?