ಕಲ್ಲಿನ ಮೇಲೆ ಏನೇನೋ ಹುಟ್ಟಿಕೊಂಡಿವೆ: ಯಾವುದನ್ನು ಬಿಡಲಿ, ಯಾವುದನ್ನು ತೆಗೆಯಲಿ?

ಹೊಸತೊಟ್ಟಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನುಗಳನ್ನು ಬಹುಕಾಲದಿಂದ ಸಾಕುತ್ತಿದ್ದೇನೆ. ಉಪ್ಪುನೀರಿಗೆ ಕೈಹಾಕಿರುವುದು ಈ ವರ್ಷವೇ. ಟ್ಯಾಂಕ್ 120 ಲೀಟರಿನದು, ಒಳಗೆ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಮತ್ತು ಒಂದು ಜೋಡಿ ಕ್ಲೌನ್ ಮೀನು. ನೀರಿನ ಸಾಂದ್ರತೆ 1.025, ಉಷ್ಣಾಂಶ 26 ಡಿಗ್ರಿ. ಪರಿಚಯದವರೊಬ್ಬರು ತಮ್ಮ ಟ್ಯಾಂಕಿನಿಂದ ಜೊವಾಂಥಿಡ್ ಎಂಬ, ಹೂವಿನಂತೆ ಕಾಣುವ ಹವಳದ ಬಳಗದ ಪ್ರಾಣಿಗಳು ಬೆಳೆದ ಅಂಗೈಯಗಲದ ಕಲ್ಲೊಂದನ್ನು ಕೊಟ್ಟರು. ಅದನ್ನು ಇಳಿಸಿದ ಮೇಲೆ ನಾನು ತಂದು ಹಾಕದ್ದೆಲ್ಲ ಕಾಣಿಸಿಕೊಳ್ಳತೊಡಗಿದೆ.

ಮರಳಿನ ಮೇಲೂ ಗಾಜಿನ ಮೇಲೂ ಕಂದು ಪುಡಿಯ ಪದರವಿದೆ. ಒರೆಸಿದರೆ ಹೋಗುತ್ತದೆ, ಮರುದಿನ ಸಂಜೆಗೆ ಮತ್ತೆ ಹಾಜರು. ಹಿಂಬದಿಯ ಗಾಜಿಗೆ ಎರಡು ಮೂರು ಮಿಲಿಮೀಟರಿನ ಗಟ್ಟಿ ಬಿಳಿ ಸುರುಳಿಗಳು ಅಂಟಿಕೊಂಡಿವೆ. ಪಂಪಿನ ನೆರಳಿನಲ್ಲಿ ಪುಟ್ಟ ಹೂಜಿಯ ಆಕಾರದ ಬಿಳಿ ವಸ್ತು, ಅದರ ಬಾಯಿಯ ಸುತ್ತ ರೋಮ. ಕಲ್ಲಿನ ಸಂದಿಯಲ್ಲಿ ಹೊಳೆಯುವ ಹಸಿರು ಗುಳ್ಳೆಗಳು. ನನ್ನ ನಿದ್ದೆ ಕೆಡಿಸಿರುವುದು ಮಾತ್ರ ಇನ್ನೊಂದು: ಉದ್ದನೆಯ ಎಳೆಗಳಿರುವ, ಒಳಗೆಲ್ಲ ಕಾಣುವಷ್ಟು ತೆಳುವಾದ ಕಂದು ಹೂವು. ಬೆರಳು ಹತ್ತಿರ ಒಯ್ದರೆ ಸರಕ್ಕನೆ ತೂತಿನೊಳಗೆ ಸೇರಿಕೊಳ್ಳುತ್ತದೆ. ಮೊದಲು ಒಂದಿತ್ತು, ಈಗ ನಾಲ್ಕಾಗಿವೆ.

ಕಲ್ಲು ಕೊಟ್ಟವರು, ‘ಎಲ್ಲವನ್ನೂ ಹೊರತೆಗೆದು ಕುದಿಯುವ ನೀರಿಗೆ ಹಾಕಿ, ಬ್ರಷ್‌ನಿಂದ ಉಜ್ಜಿಬಿಡಿ’ ಎನ್ನುತ್ತಾರೆ. ಭಾನುವಾರ ಹಾಗೆಯೇ ಮಾಡೋಣವೆಂದಿದ್ದೇನೆ. ತಿಳಿದವರು ಹೇಳಿ.

ನೀಲಿಬೆಳಕು:

ಕಂದು ಪದರ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಬರುವಂಥದ್ದೇ. ನೀರಿನಲ್ಲಿರುವ ಸಿಲಿಕೇಟ್ ಮುಗಿಯುತ್ತ ಬಂದಂತೆ ತಾನಾಗಿ ಇಳಿಯುತ್ತದೆ. ಆದರೆ ನೀವು ಪ್ರತಿ ಸಲ ನೀರು ಬದಲಿಸುವಾಗಲೂ ಸಿಲಿಕೇಟ್ ಸುರಿಯುತ್ತಿದ್ದರೆ ಅದು ಮುಗಿಯುವುದಾದರೂ ಹೇಗೆ? ಮನೆಯ ಆರ್‌ಒ ಯಂತ್ರದ ನೀರು ಬಳಸುತ್ತಿದ್ದೀರಾ? ಅಂತಹ ಹಲವು ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಲವಣ ಉಳಿಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ. 50 ಅಥವಾ 60 ತೋರಿಸಿದರೆ ಕುಡಿಯಲು ಒಳ್ಳೆಯದು, ಹವಳದ ಟ್ಯಾಂಕಿಗೆ ಒಪ್ಪುವುದಿಲ್ಲ. ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಮೂಲಕ ಹಾಯಿಸಿ ಸೊನ್ನೆಗೆ ತನ್ನಿ.

ಕಡಲಬದಿ, ಮಂಗಳೂರು:

ಭಾನುವಾರದ ಕೆಲಸವನ್ನು ದಯವಿಟ್ಟು ಈಗಲೇ ಕೈಬಿಡಿ. ಮಿಕ್ಕ ಮಾತೆಲ್ಲ ಆಮೇಲೆ.

ಜೊವಾಂಥಿಡ್‌ಗಳಲ್ಲಿ, ಅದರಲ್ಲೂ ಅವುಗಳ ಗುಂಪಿಗೇ ಸೇರಿದ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. 1971ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಹವಾಯಿಯ ಪಾಲಿಥೋವಾದಿಂದಲೇ. ಕಲ್ಲನ್ನು ಕುದಿಸಿದರೆ ಆ ವಿಷ ಸಾಯುವುದಿಲ್ಲ, ಹಬೆಯೊಂದಿಗೆ ಮನೆಯ ಗಾಳಿಗೆ ಸೇರುತ್ತದೆ. ಹೀಗೆ ಕಲ್ಲು ಕುದಿಸಿದ ಮನೆಗಳಲ್ಲಿ ಇಡೀ ಕುಟುಂಬ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶದ ವೈದ್ಯಕೀಯ ವರದಿಗಳಲ್ಲಿವೆ. ಬ್ರಷ್‌ನಿಂದ ಉಜ್ಜುವುದೂ ಅಷ್ಟೇ ಅಪಾಯ, ಸಿಡಿದ ಹನಿ ನೇರ ಕಣ್ಣಿಗೆ ಬೀಳುತ್ತದೆ. ಆ ಕಲ್ಲನ್ನು ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಕೈಯಲ್ಲಿ ಗಾಯವಿದ್ದ ದಿನ ಟ್ಯಾಂಕಿಗೆ ಕೈ ಇಳಿಸಲೇಬೇಡಿ. ಕಲ್ಲು ಕೊಟ್ಟವರಿಗೂ ಇದನ್ನು ತಿಳಿಸಿ.

ಇನ್ನು ನಿಮ್ಮ ಪಟ್ಟಿ. ಅದರಲ್ಲಿ ಹೆಚ್ಚಿನವು ಕೊಲ್ಲಬೇಕಾದ ಜೀವಿಗಳೇ ಅಲ್ಲ. ಬಿಳಿ ಸುರುಳಿಗಳು ಸ್ಪೈರಾರ್ಬಿಡ್ ಹುಳುಗಳು. ಪಂಪ್ ನಿಲ್ಲಿಸಿ, ಮಸೂರ ಹಿಡಿದು ಒಂದೇ ಒಂದು ಸುರುಳಿಯನ್ನು ನೋಡುತ್ತ ನಿಲ್ಲಿ. ನೀರು ಅಲುಗದಿದ್ದರೆ ಅದರ ಬಾಯಿಯಿಂದ ನೂಲಿಗಿಂತ ತೆಳುವಾದ ಗರಿಗಳ ಕುಚ್ಚೊಂದು ಅರಳುತ್ತದೆ. ಗಾಜನ್ನು ಮೆಲ್ಲಗೆ ತಟ್ಟಿದರೆ ಮಾಯ. ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುವುದಷ್ಟೇ ಅವುಗಳ ಬದುಕು. ಹೂಜಿಯಂಥದ್ದು ಸೈಕಾನ್ ಸ್ಪಂಜು. ಅದೂ ಸೋಸಿ ತಿನ್ನುವ ಜೀವಿಯೇ. ನೆರಳಿನಲ್ಲಿ ಬರುತ್ತದೆ, ಕೆಲವು ತಿಂಗಳು ಹಬ್ಬಿ, ಆಹಾರ ಕಡಿಮೆಯಾದಾಗ ತಾನೇ ಕರಗುತ್ತದೆ. ಎರಡನ್ನೂ ಬಿಟ್ಟುಬಿಡಿ.

ಹಸಿರು ಗುಳ್ಳೆ ವಲೋನಿಯಾ ಪಾಚಿ. ಒಂದೊಂದು ಗುಳ್ಳೆಯೂ ಒಂದೇ ಜೀವಕೋಶವೆಂದರೆ ನಂಬುವುದು ಕಷ್ಟ, ಆದರೆ ನಿಜ. ಈಗ ಕೆಲವೇ ಇರುವಾಗ ಬುಡಕ್ಕೆ ಉಗುರು ಕೊಟ್ಟು ಒಡೆಯದಂತೆ ಇಡಿಯಾಗಿ ಎಬ್ಬಿಸಿ, ಸೈಫನ್ ಕೊಳವೆಯನ್ನು ಪಕ್ಕದಲ್ಲೇ ಹಿಡಿದಿರಿ. ಮೀನಿಗೆ ಆಹಾರ ಹೆಚ್ಚಾದರೆ ಅದು ಮತ್ತೆ ಬರುತ್ತದೆ.

ಆ ಕಂದು ಹೂವು ಏಪ್ಟೇಸಿಯಾ, ಹೂವಿನಂತೆ ಕಾಣುವ ಕಡಲ ಪ್ರಾಣಿ. ನಿಮ್ಮ ಭಯ ಸರಿಯಾದದ್ದೇ. ಅದು ಕುಟುಕುತ್ತದೆ, ಪಕ್ಕದ ಜೊವಾಂಥಿಡ್‌ಗಳನ್ನು ಹಿಂಸಿಸುತ್ತದೆ, ಬಲುಬೇಗ ಹರಡುತ್ತದೆ. ಕೆರೆದರೆ, ಕತ್ತರಿಸಿದರೆ, ಉಳಿದ ಚೂರಿನಿಂದ ಹೊಸದು ಹುಟ್ಟುತ್ತದೆ. ನಾಲ್ಕೇ ಇರುವಾಗ ನನ್ನ ಮೆಚ್ಚಿನ ಮದ್ದು ಸುಣ್ಣ. ಪಾನ್ ಅಂಗಡಿಯದಲ್ಲ, ಅದರಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ಆರ್‌ಒ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ಸಿರಿಂಜಿಗೆ ತುಂಬಿ, ಪಂಪುಗಳನ್ನು ನಿಲ್ಲಿಸಿ. ಹೂವು ಅರಳಿರುವಾಗ ನಡುವಿನ ಬಾಯಿಯ ಮೇಲೆ ನಿಧಾನವಾಗಿ ಬಿಡಿ. ಅದು ಒಳಗೆ ಸೇದಿಕೊಂಡ ಮೇಲೆ ತೂತನ್ನೂ ಮುಚ್ಚುವಷ್ಟು ಹಾಕಿ. ಕಾಲು ಗಂಟೆಯ ನಂತರ ಪಂಪ್ ಹಚ್ಚಿ. ಸುಣ್ಣ ನೀರಿನ ಪಿಎಚ್ ಏರಿಸುವುದರಿಂದ ಒಂದು ದಿನಕ್ಕೆ ಎರಡು ಸಾಕು. ಇದಕ್ಕೂ ಕೈಗವಸು, ಕನ್ನಡಕ ಬೇಕು.

ಅಂಗಡಿಯವರು ಪೆಪ್ಪರ್‌ಮಿಂಟ್ ಸೀಗಡಿ ಕೊಳ್ಳಿ ಎನ್ನಬಹುದು. ಅದು ಏಪ್ಟೇಸಿಯಾ ತಿನ್ನುತ್ತದೆ, ಆದರೆ ಎಲ್ಲವೂ ತಿನ್ನುವುದಿಲ್ಲ. ಅದರ ಹೆಸರಿನಲ್ಲಿ ಕ್ಯಾಮೆಲ್ ಸೀಗಡಿ ಮಾರುವವರೂ ಇದ್ದಾರೆ, ಅದು ನಿಮ್ಮ ಜೊವಾಂಥಿಡ್‌ಗಳನ್ನೇ ತಿಂದೀತು. ಮೈ ಅರೆಪಾರದರ್ಶಕವಾಗಿ, ಉದ್ದಕ್ಕೆ ಸಣ್ಣ ಕೆಂಪು ಗೆರೆಗಳಿದ್ದರೆ ಪೆಪ್ಪರ್‌ಮಿಂಟ್. ಕೆಂಪು ಬಿಳಿ ಪಟ್ಟೆಗಳು ಎದ್ದುಕಂಡು, ಬೆನ್ನು ಗೂನಾಗಿದ್ದರೆ ಬೇಡವೆನ್ನಿ.

ದೀಪ ಆರಿದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಒಮ್ಮೆ ನೋಡಿ. ಹಗಲಿನಲ್ಲಿ ಅಡಗಿದ್ದವು ಆಗ ಹೊರಬರುತ್ತವೆ. ಏನು ಕಂಡಿತೆಂದು ಬರೆಯಿರಿ.

ಹೊಸತೊಟ್ಟಿ, ಮೈಸೂರು:

ಮೇಡಂ, ತುಂಬಾ ಉಪಕಾರವಾಯಿತು. ಕುದಿಸುವ ಯೋಚನೆ ಬಿಟ್ಟೆ, ಅವರಿಗೂ ಫೋನ್ ಮಾಡಿ ಹೇಳಿದೆ. ಟಿಡಿಎಸ್ 64 ಇದೆ, ಡಿಐ ರೆಸಿನ್ ತರಿಸುತ್ತಿದ್ದೇನೆ. ಗರಿಗಳು ಅರಳಿದ್ದನ್ನು ಮಗಳೂ ನೋಡಿದಳು, ಈಗ ಆ ಗಾಜನ್ನು ಒರೆಸಲು ಅವಳು ಬಿಡುತ್ತಿಲ್ಲ.

ರಾತ್ರಿ ನೋಡಿದಾಗ ಹೊಸದೊಂದು ಕಂಡಿತು. ಜೊವಾಂಥಿಡ್ ಕಲ್ಲಿನ ಅಂಚಿನಿಂದ ನೆಟ್ಟಗೆ ನಿಂತ ಗಟ್ಟಿ ಕೊಳವೆ, ಸುಮಾರು ಒಂದು ಸೆಂಟಿಮೀಟರ್. ಅದರ ಬಾಯಿಯಿಂದ ಜೇಡರ ಎಳೆಯಂಥ ಲೋಳೆ ಹೊರಬಂದು ಪಕ್ಕದ ಜೊವಾಂಥಿಡ್ ಮೇಲೆ ಹರಡಿತ್ತು. ಇದೂ ಸುರುಳಿಹುಳುವಿನ ಜಾತಿಯೇ? ಮತ್ತೊಂದು ಪ್ರಶ್ನೆ: ಮುಂದಿನ ತಿಂಗಳು ಮುರುಡೇಶ್ವರಕ್ಕೆ ಹೋಗುವವರಿದ್ದೇವೆ. ಅಲ್ಲಿಂದ ಒಂದು ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು) ತರಬಹುದೇ?

ಕಡಲಬದಿ, ಮಂಗಳೂರು:

ಎರಡನೆಯದಕ್ಕೆ ಮೊದಲು ಉತ್ತರ: ಖಂಡಿತ ತರಬೇಡಿ. ಅಂಥ ಕಲ್ಲಿನಲ್ಲಿ ಹವಳವೂ ಇರಬಹುದು. ಹವಳದ ದಿಬ್ಬ ಕಟ್ಟುವ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಮುಳುಗುಗಾರರ ಜೊತೆ ಹೋಗಿ ಮಗಳಿಗೆ ದೋಣಿಯಿಂದಲಾದರೂ ಆ ನೀರನ್ನು ತೋರಿಸಿ. ನಿಮ್ಮ ಡ್ರೈ ರಾಕ್ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಿದರೆ ಅದೇ ಲೈವ್ ರಾಕ್ ಆಗುತ್ತದೆ.

ಕೊಳವೆಯದು ಹುಳುವಲ್ಲ, ವರ್ಮೆಟಿಡ್ ಎಂಬ ಬಸವನಹುಳು. ಲೋಳೆಯ ಬಲೆ ಬೀಸಿ ಆಹಾರ ಹಿಡಿಯುತ್ತದೆ. ಆ ಬಲೆ ಮೈಮೇಲೆ ಬಿದ್ದರೆ ಜೊವಾಂಥಿಡ್ ಮುದುಡುತ್ತದೆ. ಒಂದೇ ಇರುವಾಗ ಸುಲಭ. ಕೊಳವೆಯ ಅಂಚು ಚೂಪಾಗಿರುತ್ತದೆ, ಬರಿಗೈಯಲ್ಲಿ ಮುರಿಯಲು ಹೋಗಬೇಡಿ. ಜೆಲ್ ರೂಪದ ಸೈನೊಆಕ್ರಿಲೇಟ್ (ಸೂಪರ್ ಗ್ಲೂ) ಅಂಟಿನ ಒಂದು ಹನಿಯನ್ನು ನೇರವಾಗಿ ಕೊಳವೆಯ ಬಾಯಿಗೆ ಒತ್ತಿ, ಪೂರ್ತಿ ಮುಚ್ಚಿತೇ ಎಂದು ಮರುದಿನ ರಾತ್ರಿ ಕೆಂಪು ಟಾರ್ಚಿನಲ್ಲಿ ನೋಡಿ. ಎಳೆ ಮತ್ತೆ ಕಂಡರೆ ಇನ್ನೊಂದು ಹನಿ.