ಫ್ಲೋರಿಡಾದಲ್ಲಿ ಕಲಿತ ಪದ್ಯ, ಬದಿಯಡ್ಕದ ಹವಳದ ಹಾವು

ಜೂನ್ ರಜೆಯಲ್ಲಿ ಊರಿಗೆ ಹೊರಟ ಮಕ್ಕಳಿಗೆ ತೋಟದ ಹಾವುಗಳ ಬಗ್ಗೆ ಏನು ಹೇಳಿಕೊಡಬೇಕೆಂದು ಇಲ್ಲಿ ಕೇಳಿದ್ದೀರಿ. ನಾವು ಫ್ಲೋರಿಡಾದಲ್ಲಿ ನೆಲೆಸಿದವರು, ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಕಳೆದ ಮಳೆಗಾಲದಲ್ಲಿ ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತಿದ್ದ ನನ್ನ ಒಂಬತ್ತು ವರ್ಷದ ಮಗಳಿಗೆ ಅದರಡಿಯಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ ಕಂದು ಹಾವೊಂದು ಕಂಡಿತು. ‘ಹಳದಿ ಪಟ್ಟೆ ಇಲ್ಲ, ಹಾಗಾದರೆ ವಿಷವಿಲ್ಲ’ ಎಂದು ಅವಳು ಕೈ ಚಾಚುವಷ್ಟರಲ್ಲಿ ಅಜ್ಜಿ ‘ಮುಟ್ಟೆಡ!’ ಎಂದು ರಟ್ಟೆ ಹಿಡಿದೆಳೆದರು. ಹಾವು ಓಡಲಿಲ್ಲ, ಬಾಲವನ್ನು ಸುರುಳಿ ಸುತ್ತಿ ಮೇಲೆತ್ತಿ, ಅದರ ನೀಲಿ ಅಡಿಭಾಗವನ್ನು ತೋರಿಸಿತು. ಕಪ್ಪು ತಲೆ, ಬಾಲದ ಮೇಲೆ ಎರಡು ಕಪ್ಪು ಉಂಗುರ: ಅದು ಕ್ಯಾಲಿಯೋಫಿಸ್ ಮೆಲನ್ಯೂರಸ್, ನಮ್ಮ ನೆಲದ ತೆಳು ಹವಳದ ಹಾವು.

ಮಗಳನ್ನು ದಾರಿ ತಪ್ಪಿಸಿದ್ದು ಫ್ಲೋರಿಡಾದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪದ್ಯ. ಕೆಂಪಿಗೆ ಹಳದಿ ತಾಗಿದರೆ ವಿಷ, ಕಪ್ಪು ತಾಗಿದರೆ ಭಯವಿಲ್ಲ ಎಂಬುದು ಅದರ ಸಾರ. ಅಮೆರಿಕದ ಹವಳದ ಹಾವನ್ನು ಅದರಂತೆಯೇ ಕಾಣುವ, ವಿಷವಿಲ್ಲದ ಕಿಂಗ್‌ಸ್ನೇಕ್‌ನಿಂದ ಬೇರ್ಪಡಿಸಲು ಮಾತ್ರ ಅದು ಹುಟ್ಟಿದೆ. ಫ್ಲೋರಿಡಾದ ಹವಳದ ಹಾವಿನ ಮೂತಿ ಕಪ್ಪು, ಅದನ್ನು ಹೋಲುವ ಸ್ಕಾರ್ಲೆಟ್ ಕಿಂಗ್‌ಸ್ನೇಕ್‌ನ ಮೂತಿ ಕೆಂಪು. ಅಲ್ಲಿಯೂ ಬಣ್ಣದ ಕ್ರಮ ತಪ್ಪಿದ, ಪದ್ಯಕ್ಕೆ ಹೊಂದದ ಹಾವುಗಳಿರುತ್ತವೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಲವು ಜಾತಿಗಳಲ್ಲಂತೂ ಕೆಂಪಿಗೆ ಕಪ್ಪೇ ತಾಗಿರುತ್ತದೆ. ಹಳದಿ ಉಂಗುರವೇ ಇಲ್ಲದ ನಮ್ಮ ಹಾವಿನ ಮುಂದೆ ಆ ಪದ್ಯಕ್ಕೆ ಅರ್ಥವೇ ಇಲ್ಲ. ಇದನ್ನು ಕಲಿಸಿದವರು ‘ಇದು ಬೇರೆ ನೆಲಕ್ಕೆ ಹೊಂದದು’ ಎಂದು ಒಂದು ಮಾತು ಸೇರಿಸಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಫ್ಲೋರಿಡಾದ ಹವಳದ ಹಾವು, ನಮ್ಮ ಹವಳದ ಹಾವು ಎರಡೂ ನಾಗರಹಾವಿನ ಕುಟುಂಬದವೇ. ಬಾಯಿಯ ಮುಂಭಾಗದಲ್ಲಿ ಮಡಚಲಾಗದ ಗಿಡ್ಡ ವಿಷದ ಹಲ್ಲುಗಳಿವೆ. ಎರಡೂ ಮೊಟ್ಟೆಯಿಡುತ್ತವೆ, ಮಣ್ಣು ಮತ್ತು ತರಗೆಲೆಗಳ ಅಡಿಯಲ್ಲಿಯೇ ಹೆಚ್ಚು ಕಾಲ ಕಳೆಯುತ್ತವೆ. ನಮ್ಮದಕ್ಕೆ ಹುಳುಹಾವುಗಳೇ ಮುಖ್ಯ ಆಹಾರ. ಫ್ಲೋರಿಡಾದ ಹಾವು ಕಚ್ಚಿದಾಗ ನೋವೂ ಬಾವೂ ಹೆಚ್ಚಿಲ್ಲದೆ, ಗಂಟೆಗಳ ನಂತರ, ಕೆಲವೊಮ್ಮೆ ಹನ್ನೆರಡು ಗಂಟೆ ಕಳೆದ ಮೇಲೆ, ರೆಪ್ಪೆ ಜೋತು ಮಾತು ತೊದಲಲು ಶುರುವಾಗಬಹುದು. ಆದ್ದರಿಂದ ನೋವಿಲ್ಲವೆಂದು ಮನೆಯಲ್ಲಿ ಕಾಯುವಂತಿಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ, ಈ ನಾಲ್ಕಕ್ಕಾಗಿ ತಯಾರಿಸುತ್ತಾರೆ. ಹವಳದ ಹಾವು ಆ ಪಟ್ಟಿಯಲ್ಲಿಲ್ಲ.

ಮಗಳಿಗೆ ಈಗ ಬಣ್ಣದ ಲೆಕ್ಕ ಹೇಳಿಕೊಡುತ್ತಿಲ್ಲ. ಹಾಳೆ ಹೆಕ್ಕುವ ಮೊದಲು ಕೋಲಿನಿಂದ ಮಗುಚಿ ನೋಡುವುದನ್ನು ಅಜ್ಜಿಯೇ ಕಲಿಸಿದ್ದಾರೆ. ಆ ದಿನ ಹಾಳೆಯನ್ನು ಅವರು ಮೊದಲಿದ್ದಂತೆಯೇ ಮುಚ್ಚಿಟ್ಟರು. ಸಂಜೆ ನೋಡಿದಾಗ ಹಾವು ಹೋಗಿತ್ತು.